ಸೀರೆ ಅಂಗಡಿಯ ರೀಲ್‌ನಲ್ಲಿ ನಮ್ಮಮ್ಮ

ಚಿಕ್ಕಮಗಳೂರಿನಲ್ಲಿ ಒಂದು ಭಾನುವಾರ ಸಂಜೆ, ಗ್ರಾಹಕರೂ ವ್ಯಾಪಾರಿಗಳೂ ಒಟ್ಟಿಗೆ ಕೂತಿದ್ದ ಸಣ್ಣ ಸಭೆಯಲ್ಲಿ, ಗಿರಾಕಿಗಳನ್ನು ಕೇಳದೆ ವಿಡಿಯೊ ತೆಗೆದು ಹಾಕುವುದರ ಬಗ್ಗೆ ನಾನು ಆಡಿದ ಮಾತು ಇದು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ.

ನಮ್ಮಮ್ಮನಿಗೆ 71 ವರ್ಷ. ಸೀರೆ ಕೊಳ್ಳುವುದನ್ನು ಅವರಿಂದ ಕಲಿಯಬೇಕು. ಸೆರಗು ಮಗುಚಿ ಹಿಂಬದಿಯ ಎಳೆ ನೋಡುತ್ತಾರೆ. ಜರಿಯ ಮೇಲೆ ಹೆಬ್ಬೆರಳ ಉಗುರು ಆಡಿಸುತ್ತಾರೆ. ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಾರೆ. ಆಮೇಲೆ ಸೀರೆಯನ್ನು ಮಡಚಿ, ಬೇಡವೇ ಬೇಡ ಅನ್ನುವ ಹಾಗೆ ಆಚೆ ತಳ್ಳಿ, "ಕೊನೇ ರೇಟು ಹೇಳಪ್ಪಾ" ಅನ್ನುತ್ತಾರೆ.

ನಮ್ಮಣ್ಣನ ಸೊಸೆಯ ಸೀಮಂತಕ್ಕೆ ಒಂದು ಸೀರೆ ಬೇಕಿತ್ತು. ಅಂಗಡಿಯವರು 2,200 ಅಂದರು. ಅಮ್ಮ 1,200 ಅಂದರು. "ನಿಮ್ಮ ತಂದೆ ಗಲ್ಲಾದಲ್ಲಿ ಕೂರ್ತಿದ್ದಾಗಿಂದ ಬರ್ತಿದೀನಿ, ಅವರಾಗಿದ್ರೆ ನಾನು ಬಾಯಿ ಬಿಡೋಕೆ ಮುಂಚೆ ಕಡಿಮೆ ಮಾಡಿರೋರು" ಅಂದರು. ಅರ್ಧ ಗಂಟೆ ನಡೆಯಿತು. 1,450ಕ್ಕೆ ಮುಗಿಯಿತು. ಯುದ್ಧ ಗೆದ್ದವರ ಹಾಗೆ ಮನೆಗೆ ಬಂದರು.

ನಾಲ್ಕು ದಿನ ಬಿಟ್ಟು ಆ ಚೌಕಾಸಿ ಪೂರ್ತಿ ಇನ್‌ಸ್ಟಾಗ್ರಾಮ್‌ನಲ್ಲಿತ್ತು. ಕೌಂಟರ್ ಪಕ್ಕ ನಿಂತಿದ್ದ ಹುಡುಗ ಫೋನ್ ನೋಡಿಕೊಂಡಿದ್ದಾನೆ ಅಂದುಕೊಂಡಿದ್ದರಂತೆ ಅಮ್ಮ. ಮೇಲೆ ದೊಡ್ಡ ಅಕ್ಷರದಲ್ಲಿ "ಅಜ್ಜಿ ರಾಕ್ಸ್, ಓನರ್ ಶಾಕ್ಸ್" ಅಂತ ಬರೆದಿದ್ದರು. ಉಗುರು ಆಡಿಸುವ ಹೊತ್ತಿಗೆ ವಿಡಿಯೊ ನಿಧಾನ ಆಗುತ್ತೆ, ಹಿಂದೆ ಯಾರೋ ಗೊಳ್ಳೆಂದು ನಗುವ ಸದ್ದು. ನಿಜ ಹೇಳಬೇಕು ಅಂದ್ರೆ, ಮೊದಲ ಸಲ ನೋಡಿದಾಗ ನನಗೂ ನಗು ಬಂತು.

ಅಮ್ಮನಿಗೆ ಬರಲಿಲ್ಲ. ಯಾಕಂದ್ರೆ ಸೀಮಂತದ ಮನೆಯಲ್ಲಿ ಸೀರೆ ಎಷ್ಟಾಯ್ತು ಅಂತ ಕೇಳಿದವರಿಗೆ ಅಮ್ಮ "ಎರಡೂವರೆ ಸಾವಿರದ ಹತ್ರ ಬಂತು" ಅಂದಿದ್ದರು. ನೀವೂ ಅಂದಿರುತ್ತೀರಿ, ಅಲ್ವಾ? ಬೀಗರ ಕಡೆಯ ಒಬ್ಬರು ಆ ರೀಲನ್ನು ವಾಟ್ಸಾಪ್ ಗುಂಪಿಗೆ ಹಾಕಿದರು, ಜೊತೆಗೆ ಒಂದು ನಗುವ ಮುಖ. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಮುಖ ತೋರಿಸಿದ್ರೆ ತೋರಿಸ್ಲಿ ಬಿಡೇ. ನನ್ನ ಲೆಕ್ಕ ತೋರಿಸಿಬಿಟ್ರಲ್ಲ" ಅಂದರು.

ನಾನು ವಕೀಲೆ. ಖಾಸಗಿತನ ಅಂದ್ರೆ ನಮ್ಮ ತಲೆಗೆ ಬರೋದು ಬಚ್ಚಲು ಮನೆ, ಟ್ರಯಲ್ ರೂಮು, ಮೈಮೇಲಿನ ಬಟ್ಟೆ. ಅಮ್ಮ ಹೇಳಿದ್ದು ಬೇರೆ. ಎಷ್ಟು ದುಡ್ಡಿದೆ, ಎಷ್ಟಕ್ಕೆ ಕೊಂಡೆ, ಯಾರಿಗೆ ಏನು ಹೇಳಿದೆ ಅನ್ನೋದೂ ಮನುಷ್ಯರು ಮುಚ್ಚಿಟ್ಟುಕೊಳ್ಳುವ ವಿಷಯವೇ. ಗಿರವಿ ಅಂಗಡಿಯಲ್ಲಿ ಬಳೆ ಬಿಚ್ಚುವ ಕೈ, ಔಷಧಿ ಅಂಗಡಿಯಲ್ಲಿ ಚೀಟಿ ಚಾಚುವ ಕೈ, ತಲೆ ಕೂದಲು ಉದುರುತ್ತೆ ಅಂತ ಕ್ಲಿನಿಕ್ಕಿನ ಮೂಲೆಯಲ್ಲಿ ಕೂತ ಹುಡುಗ. ಇವರು ಯಾರೂ ಬಟ್ಟೆ ಬಿಚ್ಚಿಲ್ಲ.

ಅಂಗಡಿಗೆ ಹೋಗಿ ಕೇಳಿದೆ. ಜಗಳಕ್ಕಲ್ಲ, ಸುಮ್ನೆ ಕೇಳಿದೆ. ಮಾಲೀಕರು ಒಳ್ಳೆಯವರೇ. "ಮೇಡಂ, ಬಾಗಿಲಲ್ಲೇ ಬೋರ್ಡ್ ಹಾಕಿದೀವಲ್ಲ" ಅಂದರು. ಹೋಗಿ ನೋಡಿದೆ. "ಈ ಆವರಣ ಸಿಸಿಟಿವಿ ಕಣ್ಗಾವಲಿನಲ್ಲಿದೆ" ಅಂತಿತ್ತು.

ಈ ಬೋರ್ಡಿನಿಂದಲೇ ಗೊಂದಲ ಶುರುವಾಗೋದು. ಗೇಟಿನ ಮೇಲೆ "ನಾಯಿ ಇದೆ, ಎಚ್ಚರಿಕೆ" ಅಂತ ಬರೆಸಿದವರು, ಬೋರ್ಡ್ ಹಾಕಿದೀನಲ್ಲ ಅಂತ ನಾಯಿಯನ್ನು ರಸ್ತೆಗೆ ಬಿಟ್ಟು ಹೋಗಿಬರುವವರ ಮೇಲೆ ಛೂ ಬಿಡಬಹುದಾ? ಗೋಡೆ ಮೇಲಿನ ಕ್ಯಾಮೆರಾ ಕಾವಲಿನದು. ಹುಡುಗನ ಕೈಯ ಫೋನು ಜಾಹೀರಾತಿನದು. ಬೋರ್ಡ್ ಮೊದಲನೆಯದಕ್ಕೆ ಹಾಕಿದ್ದು. ಎರಡನೆಯದಕ್ಕೆ ಯಾರೂ ಯಾರನ್ನೂ ಏನೂ ಕೇಳಿಲ್ಲ.

ಕಾವಲಿನ ಕ್ಯಾಮೆರಾ ಬಗ್ಗೆ ಅಂಗಡಿಯವರ ಮೇಲೆ ರೇಗಬೇಡಿ. ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಸುರಕ್ಷತೆಗೆ ಅಂತ 2017ರಲ್ಲಿ ಒಂದು ಕಾಯ್ದೆ ಬಂದಿದೆ. ಜನ ಜಾಸ್ತಿ ಸೇರುವ ಅಂಗಡಿ, ಹೋಟೆಲು, ಆಸ್ಪತ್ರೆಗಳು ಕ್ಯಾಮೆರಾ ಹಾಕಲೇಬೇಕು. ಚಿತ್ರಗಳನ್ನು 30 ದಿನ ಇಟ್ಟುಕೊಳ್ಳಬೇಕು. ಪೊಲೀಸರು ಕೇಳಿದರೆ ಕೊಡಬೇಕು. ಹಾಗಾಗಿ ಗೋಡೆಯ ಕ್ಯಾಮೆರಾ ಬೇಡ ಅನ್ನೋದು ಎಷ್ಟೋ ಕಡೆ ಅವರ ಕೈಯಲ್ಲೂ ಇಲ್ಲ. ಆದರೆ ಆ ಕಾಯ್ದೆ ಕೊಟ್ಟಿರುವುದು ಇಟ್ಟುಕೊಳ್ಳುವ ಕೆಲಸ. ಗಿರಾಕಿ ಕಾಲು ಜಾರಿ ಬಿದ್ದದ್ದನ್ನು ಹಾಡು ಹಾಕಿ ಊರಿಗೆ ಹಂಚಿ ಅಂತ ಎಲ್ಲೂ ಹೇಳಿಲ್ಲ.

ಕಳ್ಳತನದ ವಿಡಿಯೊ ಹಾಕುವವರೂ ಇದ್ದಾರೆ. "ಈಕೆಯನ್ನು ನೋಡಿದವರು ತಿಳಿಸಿ" ಅಂತ ಮುಖ ಸಮೇತ ಹರಿಬಿಡುತ್ತಾರೆ. ಅದನ್ನು ಠಾಣೆಗೆ ಕೊಡಿ. ಆಕೆ ಕದ್ದಿಲ್ಲ, ಬಿಲ್ ಮಾಡಿಸಿದ ಮೇಲೆ ಚೀಲಕ್ಕೆ ಹಾಕಿಕೊಂಡಿದ್ದಳು ಅಂತ ಆಮೇಲೆ ಗೊತ್ತಾದರೆ ಆ ಮುಖವನ್ನು ಯಾರು ತೊಳೆದು ಕೊಡುತ್ತಾರೆ?

ಇಲ್ಲಿ ಸ್ವಲ್ಪ ಹಳೇ ಕಾಲಕ್ಕೆ ಹೋಗುತ್ತೇನೆ. ಗಿರಾಕಿಯ ಮುಖ ತೋರಿಸಿ ವ್ಯಾಪಾರ ಮಾಡೋದು ಇನ್‌ಸ್ಟಾಗ್ರಾಮ್ ಕಲಿಸಿದ್ದಲ್ಲ. ಫೋಟೊ ಸ್ಟುಡಿಯೋಗಳ ಮುಂದಿನ ಗಾಜಿನ ಪೆಟ್ಟಿಗೆ ನೆನಪಿದೆಯಾ? ಅದರಲ್ಲಿ ಊರಿನ ಚೆಂದದ ಹುಡುಗಿ, ಹೊಸ ಮದುಮಕ್ಕಳು, ಬೋಳು ತಲೆಯ ಮಗು ಇರಲೇಬೇಕು. ನಾನು ಕಾಲೇಜಿಗೆ ಹೋಗುವಾಗ ನನ್ನ ಗೆಳತಿಯ ಫೋಟೊ ಹಾಗೆ ಗಾಜಿನೊಳಗೆ ಕೂತಿತ್ತು. ಅವರಪ್ಪ ಹೋಗಿ ಬೈದು ತೆಗೆಸಿದರು. ಆ ಅಪ್ಪನಿಗೆ ಗೊತ್ತಿರಲಿಲ್ಲ, ಕಾನೂನು ಅವರ ಕಡೆಗೇ ಇತ್ತು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ನೀವು ದುಡ್ಡು ಕೊಟ್ಟು ತೆಗೆಸಿಕೊಂಡ ಫೋಟೊದ ಹಕ್ಕು ನಿಮ್ಮದು. ಬೇರೆ ಒಪ್ಪಂದ ಆಗಿದ್ದರೆ ಮಾತ್ರ ಬೇರೆ. ಈಗಿನ ಮದುವೆ ಫೋಟೊಗ್ರಾಫರುಗಳ ಒಪ್ಪಂದ ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ "ಪ್ರಚಾರಕ್ಕೆ ಬಳಸಬಹುದು" ಅಂತ ಒಂದು ಸಾಲು ಇರುತ್ತೆ, ನೋಡಿ. ಅದೇ ಆ ಬೇರೆ ಒಪ್ಪಂದ. ಬೇಡ ಅಂದ್ರೆ ಸಹಿಗೆ ಮುಂಚೆ ಆ ಸಾಲನ್ನು ಹೊಡೆದು ಹಾಕಿ. ಆದರೆ ಅಮ್ಮನ ರೀಲಿಗೆ ಈ ಸೆಕ್ಷನ್ ಹತ್ತೋದಿಲ್ಲ. ಅಮ್ಮ ವಿಡಿಯೊ ತೆಗೆಸಿಕೊಂಡವರಲ್ಲ, ಸಿಕ್ಕಿಬಿದ್ದವರು. ಅಲ್ಲಿ ಹಕ್ಕು ತೆಗೆದವನದು, ಇಲ್ಲವೇ ಅವನನ್ನು ಕೆಲಸಕ್ಕಿಟ್ಟವರದು.

ಅಮ್ಮನ ಕತೆಗೆ ತುಂಬ ಹತ್ತಿರದ್ದು ಅಮೆರಿಕದಲ್ಲಿ ನಡೆದಿದೆ, ನೂರಿಪ್ಪತ್ತು ವರ್ಷದ ಹಿಂದೆ. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ಊರಿನ ಅಬಿಗೇಲ್ ರಾಬರ್‌ಸನ್ ಅನ್ನುವ ಹುಡುಗಿ. ಒಂದು ಹಿಟ್ಟಿನ ಕಂಪನಿ ಅವಳ ಚಿತ್ರವನ್ನು ಕೇಳದೆ ತನ್ನ ಜಾಹೀರಾತಿಗೆ ಹಾಕಿ 25,000 ಪ್ರತಿ ಮುದ್ರಿಸಿತು. ಅಂಗಡಿ, ಗೋದಾಮು, ಹೆಂಡದಂಗಡಿಗಳ ಗೋಡೆಯ ಮೇಲೆಲ್ಲ ಆ ಮುಖ. ಹುಡುಗಿ ಅವಮಾನದಿಂದ ಹಾಸಿಗೆ ಹಿಡಿದಳು. ಕೋರ್ಟಿಗೆ ಹೋದಳು. 1902ರಲ್ಲಿ ಆ ರಾಜ್ಯದ ಅತ್ಯುನ್ನತ ಕೋರ್ಟು ನಾಲ್ಕಕ್ಕೆ ಮೂರರ ಅಂತರದಲ್ಲಿ ಅವಳ ವಿರುದ್ಧ ತೀರ್ಪು ಕೊಟ್ಟಿತು. ಇಂಥ ಹಕ್ಕು ಕಾನೂನಿನಲ್ಲಿ ಇಲ್ಲ ಅಂದಿತು. ಜನ ಎಷ್ಟು ಸಿಟ್ಟಾದರು ಅಂದ್ರೆ, ಮರುವರ್ಷವೇ ಅಲ್ಲಿ ಕಾಯ್ದೆ ಬಂತು: ಯಾರದೇ ಹೆಸರನ್ನಾಗಲಿ ಚಿತ್ರವನ್ನಾಗಲಿ ವ್ಯಾಪಾರಕ್ಕೆ ಬಳಸಬೇಕಾದರೆ ಬರಹದಲ್ಲಿ ಒಪ್ಪಿಗೆ ಬೇಕು.

ಇಪ್ಪತ್ತೈದು ಸಾವಿರ ಪ್ರತಿ! ಅಮ್ಮನ ರೀಲನ್ನು ಅದಕ್ಕಿಂತ ಜಾಸ್ತಿ ಜನ ಒಂದು ವಾರದಲ್ಲಿ ನೋಡಿದ್ದರು.

ನಮ್ಮಲ್ಲಿ ಸಿನಿಮಾದವರ ಮುಖಕ್ಕೆ ರಕ್ಷಣೆ ಸಿಕ್ಕಿದೆ. 2023ರಲ್ಲಿ ನಟ ಅನಿಲ್ ಕಪೂರ್ ದೆಹಲಿ ಹೈಕೋರ್ಟಿಗೆ ಹೋದರು. ಅವರ ಹೆಸರು, ಮುಖ, ದನಿಯನ್ನು ಒಪ್ಪಿಗೆ ಇಲ್ಲದೆ ವ್ಯಾಪಾರಕ್ಕೆ ಬಳಸಬಾರದು ಅಂತ ಕೋರ್ಟು ಹೇಳಿತು. ಅವರ "ಝಕಾಸ್" ಅನ್ನುವ ಮಾತೂ ಅದರೊಳಗೆ ಬಂತು. ಅಮ್ಮನ "ಕೊನೇ ರೇಟು ಹೇಳಪ್ಪಾ"ಕ್ಕೆ ದೆಹಲಿವರೆಗೆ ಹೋಗುವವರು ಯಾರು?

ಆದರೆ ದೆಹಲಿವರೆಗೆ ಹೋದ ಒಬ್ಬರು ನಮ್ಮವರೇ ಇದ್ದಾರೆ. ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2012ರಲ್ಲಿ, 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಅರ್ಜಿಯ ನಡುವೆ ಒಂದು ಮೂಲಭೂತ ಪ್ರಶ್ನೆ ಎದ್ದಿತು: ಖಾಸಗಿತನ ಅನ್ನುವ ಹಕ್ಕು ನಮ್ಮ ಸಂವಿಧಾನದಲ್ಲಿ ಇದೆಯಾ? 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಇದೆ ಅಂದರು. 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಅದು ಸೇರಿಕೊಂಡಿದೆ ಅಂದರು. ಪುಟ್ಟಸ್ವಾಮಿಯವರು 2024ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ದೇಶದ ಯಾವುದೇ ಕೋರ್ಟಿನಲ್ಲಿ ಖಾಸಗಿತನದ ಮಾತು ಬಂದರೆ ಇವತ್ತಿಗೂ "ಪುಟ್ಟಸ್ವಾಮಿ" ಅಂತ ಒಂದು ಹೆಸರು ಹೇಳಿದರೆ ಸಾಕು. ಕನ್ನಡದ ಹೆಸರು ಅಂತ ನನಗೆ ಒಂದು ಹೆಮ್ಮೆ.

ಒಂದು ತೊಡಕಿದೆ. ಮೂಲಭೂತ ಹಕ್ಕು ಮುಖ್ಯವಾಗಿ ಸರ್ಕಾರದ ಎದುರು ಹಿಡಿಯುವ ಗುರಾಣಿ. ಸೀರೆ ಅಂಗಡಿ ಸರ್ಕಾರ ಅಲ್ಲ. ಖಾಸಗಿಯವರನ್ನು ಕಟ್ಟಿಹಾಕಲು ಬೇರೆ ಕಾಯ್ದೆ ಬೇಕು ಅಂತ ಆ ತೀರ್ಪಿನ ಹೊತ್ತಿನಿಂದ ಮಾತು ನಡೆಯಿತು. ಆರು ವರ್ಷ ತೆಗೆದುಕೊಂಡು, 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಹೆಸರು ಉದ್ದ, ಹೆದರಬೇಡಿ. ನಿಮ್ಮನ್ನು ಗುರುತಿಸಬಹುದಾದ ಯಾವುದೇ ಮಾಹಿತಿ ಕಂಪ್ಯೂಟರಿನಲ್ಲೋ ಫೋನಿನಲ್ಲೋ ಇದ್ದರೆ ಅದು ಈ ಕಾಯ್ದೆಯ ಒಳಗೆ ಬರುತ್ತೆ. ಮುಖ ಕಾಣುವ ವಿಡಿಯೊ ಕೂಡ.

ಅದರಲ್ಲಿ ಒಪ್ಪಿಗೆ ಅಂದ್ರೆ ಏನು ಅಂತ ಬರೆದಿದ್ದಾರಲ್ಲ, ಆ ಭಾಗ ನನಗೆ ಇಷ್ಟ. ಬಲವಂತ ಇರಬಾರದು. ಯಾವುದಕ್ಕೆ ಅಂತ ಗೊತ್ತಿರಬೇಕು. ಶರತ್ತು ಕಟ್ಟಬಾರದು. ಮತ್ತೆ, ಒಪ್ಪಿದವರು ಏನೋ ಒಂದನ್ನು ಸ್ಪಷ್ಟವಾಗಿ ಮಾಡಿ ತೋರಿಸಿರಬೇಕು: ಹೂಂ ಅನ್ನೋದೋ, ಸಹಿ ಹಾಕೋದೋ. ಸುಮ್ಮನಿದ್ದರೆ ಒಪ್ಪಿಗೆ ಅಲ್ಲ. "ಮೌನಂ ಸಮ್ಮತಿ ಲಕ್ಷಣಂ" ಇಲ್ಲಿ ನಡೆಯೋದಿಲ್ಲ. ಬೋರ್ಡ್ ಕೆಳಗೆ ನಡೆದು ಬಂದದ್ದೇ ರೀಲಿಗೆ ಒಪ್ಪಿಗೆ ಅಂತ ಅಂಗಡಿಯವರು ವಾದಿಸಿದರೆ, ಈ ಮಾತಿನ ಮುಂದೆ ಅದು ನಿಲ್ಲೋದು ಕಷ್ಟ. ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯಲೂಬಹುದು. ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಓದುವ ಅವಕಾಶ ಇರಬೇಕು. ಅಂದ್ರೆ ಕನ್ನಡದಲ್ಲಿ ಕೇಳಿ ಅನ್ನುವ ಹಕ್ಕು ನಮಗಿದೆ.

ಮಕ್ಕಳ ವಿಷಯದಲ್ಲಿ ಇನ್ನೂ ಬಿಗಿ. 18 ತುಂಬದವರಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು, ಅದೂ ಪರಿಶೀಲಿಸಿ ಪಡೆದ ಒಪ್ಪಿಗೆ. ಇಲ್ಲಿ ಪ್ಲೇ ಹೋಂ ನಡೆಸುವವರು ಯಾರಾದರೂ ಇದ್ದರೆ ದಯವಿಟ್ಟು ಕೇಳಿಸಿಕೊಳ್ಳಿ. ಮಗು ಮೊದಲ ದಿನ ಅಳುವ ವಿಡಿಯೊ ಹಾಕ್ತೀರಲ್ಲ, ಮೂಗು ಸೋರುತ್ತಾ, ಚಡ್ಡಿ ಜಾರುತ್ತಾ. ನಿಮಗೆ ಅದು ಮುದ್ದು. ಆ ಮಗು ಹತ್ತನೇ ಕ್ಲಾಸಿಗೆ ಬಂದಾಗ ಯಾರೋ ಹುಡುಕಿ ತೆಗೆದು ಗುಂಪಿಗೆ ಹಾಕ್ತಾರೆ. ಮಕ್ಕಳ ವಿಷಯದ ನಿಯಮ ಮುರಿದರೆ ದಂಡ 200 ಕೋಟಿವರೆಗೆ ಇದೆ. ಅಷ್ಟು ಯಾರೂ ಪ್ಲೇ ಹೋಂ ಮೇಲೆ ಹಾಕೋದಿಲ್ಲ, ನನಗೂ ಗೊತ್ತು. ಅದು ಮೇಲ್ಮಿತಿ.

ಕಾಯ್ದೆ ಇಷ್ಟು ಚೆನ್ನಾಗಿದ್ದರೆ ಅಮ್ಮನ ಪರವಾಗಿ ಯಾಕೆ ದೂರು ಕೊಡಲಿಲ್ಲ ಅಂತ ನೀವು ಕೇಳಬೇಕು. ಕಾಯ್ದೆ 2023ರದ್ದಾದರೂ ಅದರ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಭಾಗ ಜಾರಿಯಾಗಲು ಅಲ್ಲಿಂದ 18 ತಿಂಗಳ ಗಡುವು ಕೊಟ್ಟರು. ಅಡುಗೆ ಆಗಿದೆ, ಎಲೆ ಹಾಕಿಲ್ಲ.

ಜಾರಿಯಾದ ಮೇಲೂ ಒಂದು ಕೊರತೆ ಉಳಿಯುತ್ತೆ. ಮೊದಲು ಅಂಗಡಿಯವರಿಗೇ ದೂರು ಕೊಡಬೇಕು. ಅವರು ಸರಿಪಡಿಸದಿದ್ದರೆ ದತ್ತಾಂಶ ಸಂರಕ್ಷಣಾ ಮಂಡಳಿಗೆ ಹೋಗಬಹುದು. ಮಂಡಳಿ ದಂಡ ಹಾಕಬಹುದು, ಆದರೆ ಆ ದುಡ್ಡು ಹೋಗೋದು ಸರ್ಕಾರದ ಬೊಕ್ಕಸಕ್ಕೆ. ಊಟ ಬಿಟ್ಟ ಅಮ್ಮನಿಗೆ ಒಂದು ಪೈಸೆ ಪರಿಹಾರ ಈ ಕಾಯ್ದೆಯಲ್ಲಿ ಇಲ್ಲ. ಸುಳ್ಳು ದೂರು ಕೊಟ್ಟರೆ ಮಾತ್ರ ಅಮ್ಮನ ಮೇಲೇ 10,000 ರೂಪಾಯಿವರೆಗೆ ದಂಡ ಹಾಕಬಹುದು! ಇದು ನ್ಯಾಯ ಅಂತ ನನಗೆ ಅನ್ನಿಸಿಲ್ಲ.

ಇವತ್ತಿನ ಮಟ್ಟಿಗೆ ಗಟ್ಟಿಯಾಗಿ ನಿಲ್ಲುವ ಕಾನೂನು ಮೈ ಕಾಣುವ ವಿಡಿಯೊಗಳಿಗೆ ಸಂಬಂಧಿಸಿದ್ದು. ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್. ಹೆಣ್ಣುಮಗಳು ಬಟ್ಟೆ ಬದಲಿಸುವಂಥ ಖಾಸಗಿ ಹೊತ್ತಿನಲ್ಲಿ ಕದ್ದು ನೋಡೋದು, ಚಿತ್ರ ತೆಗೆಯೋದು, ಹಂಚೋದು ಮೂರೂ ಅಪರಾಧ. ಮೊದಲ ಸಲ 1ರಿಂದ 3 ವರ್ಷ ಜೈಲು, ಮತ್ತೆ ಮಾಡಿದರೆ 3ರಿಂದ 7 ವರ್ಷ. ತೆಗೆಯಲು ಒಪ್ಪಿದ್ದರೂ ಹಂಚಲು ಒಪ್ಪಿಲ್ಲದಿದ್ದರೆ ಹಂಚಿದ್ದು ಅಪರಾಧವೇ. ಇದು ಹೆಂಗಸರಿಗೆ ಮಾತ್ರ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಸೆಕ್ಷನ್‌ಗೆ ಗಂಡು ಹೆಣ್ಣು ಅನ್ನುವ ಭೇದ ಇಲ್ಲ. ಒಪ್ಪಿಗೆ ಇಲ್ಲದೆ ಖಾಸಗಿ ಅಂಗಗಳ ಚಿತ್ರ ತೆಗೆದರೆ, ಹಂಚಿದರೆ, 3 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಜಿಮ್ಮಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಸೆಲ್ಫಿ ವಿಡಿಯೊ ಮಾಡುವ ಹುಡುಗರು ಹಿಂದೆ ಯಾರು ನಿಂತಿದ್ದಾರೆ ಅಂತ ನೋಡಿಕೊಳ್ಳಲಿ.

2015ರ ಏಪ್ರಿಲ್‌ನಲ್ಲಿ ಆಗ ಕೇಂದ್ರ ಸಚಿವೆಯಾಗಿದ್ದ ಸ್ಮೃತಿ ಇರಾನಿಯವರು ಗೋವಾದ ಬಟ್ಟೆ ಅಂಗಡಿಯೊಂದರಲ್ಲಿ, ಕ್ಯಾಮೆರಾ ಒಂದು ಟ್ರಯಲ್ ರೂಮಿನ ಕಡೆ ತಿರುಗಿದೆ ಅಂತ ಹಿಡಿದರು. ದೊಡ್ಡ ಸುದ್ದಿಯಾಯಿತು. ಸಚಿವೆ ಆದದ್ದಕ್ಕೆ ಸುದ್ದಿ. ನಮ್ಮ ನಿಮ್ಮ ಮನೆ ಹೆಣ್ಣುಮಕ್ಕಳು ತಲೆ ಎತ್ತಿ ನೋಡುವುದೇ ಇಲ್ಲ. ಟ್ರಯಲ್ ರೂಮಿಗೆ ಹೋದರೆ ಮೊದಲು ಮೇಲೆ ನೋಡಿ. ಗೋಡೆ ಚಾವಣಿವರೆಗೆ ಹೋಗಿಲ್ಲ ಅಂದ್ರೆ ಅಂಗಡಿಯ ಸೀಲಿಂಗ್ ಕ್ಯಾಮೆರಾಗೆ ಒಳಗೆಲ್ಲ ಕಾಣಬಹುದು. ಎಷ್ಟೋ ಸಲ ಕೆಟ್ಟ ಉದ್ದೇಶವೇ ಇರೋದಿಲ್ಲ. ಕ್ಯಾಮೆರಾ ಹಾಕಿದವನು ಮೂಲೆ ನೋಡಿ ಹಾಕಿರುತ್ತಾನೆ, ಆಮೇಲೆ ಪ್ಲೈವುಡ್ ಹೊಡೆದು ಟ್ರಯಲ್ ರೂಮ್ ಮಾಡಿರುತ್ತಾರೆ.

ಕಾವಲಿನ ಕ್ಯಾಮೆರಾ ಕೂಡ ಸೋರುತ್ತೆ. 2025ರ ಫೆಬ್ರುವರಿಯಲ್ಲಿ ಗುಜರಾತಿನ ರಾಜಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯ ಒಳಗಿನ ದೃಶ್ಯಗಳು ಟೆಲಿಗ್ರಾಂನಲ್ಲಿ ಮಾರಾಟಕ್ಕಿದ್ದದ್ದು ಬೆಳಕಿಗೆ ಬಂತು. ತನಿಖೆಯಲ್ಲಿ ಗೊತ್ತಾದದ್ದು, ಕ್ಯಾಮೆರಾಗಳನ್ನು ದೂರದಿಂದಲೇ ಹ್ಯಾಕ್ ಮಾಡಿದ್ದರು ಅಂತ. ಇಂಥ ಕಡೆ ಮೊದಲ ಬಾಗಿಲು ಬಹಳ ಸಲ ಪಾಸ್‌ವರ್ಡೇ. ಕಂಪನಿಯಿಂದ ಬಂದದ್ದನ್ನು ಬದಲಿಸಿರೋದೇ ಇಲ್ಲ. ಅಂಗಡಿ ಇಟ್ಟಿರುವವರು ಇವತ್ತು ಮನೆಗೆ ಹೋಗುವ ಮುಂಚೆ ಒಂದು ಸಲ ನೋಡಿ, ನಿಮ್ಮ ಕ್ಯಾಮೆರಾದ ಪಾಸ್‌ವರ್ಡ್ ಏನಿದೆ ಅಂತ. ಯಾರೋ ಅಲ್ಲಿ ನಗ್ತಿದ್ದಾರೆ. ನಿಮ್ಮದೂ ಅದೇ, ಅಲ್ವಾ?

ವೈದ್ಯರಿಗೆ ಈ ವಿಷಯ ಹೊಸದಲ್ಲ. 2002ರ ವೈದ್ಯಕೀಯ ಪರಿಷತ್ತಿನ ನೀತಿ ನಿಯಮಗಳಲ್ಲೇ ಇದೆ: ಗುರುತು ಸಿಗುವ ಹಾಗೆ ರೋಗಿಯ ಫೋಟೊವನ್ನು ಅವರ ಅನುಮತಿ ಇಲ್ಲದೆ ಪ್ರಕಟಿಸಬಾರದು. ಮೊಡವೆ "ಮೊದಲು, ಆಮೇಲೆ" ಫೋಟೊ ಹಾಕುವ ಕ್ಲಿನಿಕ್ಕುಗಳು ಅದನ್ನು ಓದಿದ ಹಾಗಿಲ್ಲ.

ನಮ್ಮೂರಿನ ವಿಷಯಕ್ಕೆ ಬರೋಣ. ಶನಿವಾರ ಬೆಳಗಾದರೆ ಕೈಮರದ ಕಡೆ ಬೆಂಗಳೂರಿನ ಕಾರುಗಳ ಸಾಲು. ಮುಳ್ಳಯ್ಯನಗಿರಿ, ಬಾಬಾ ಬುಡನ್‌ಗಿರಿ, ಆಮೇಲೆ ಹೋಂಸ್ಟೇ. ಇಲ್ಲಿ ಹೋಂಸ್ಟೇ ನಡೆಸುವವರು ನಾಲ್ಕೈದು ಜನ ಕೂತಿದ್ದೀರಿ, ಬೇಜಾರು ಮಾಡ್ಕೋಬೇಡಿ. ಕ್ಯಾಂಪ್ ಫೈರ್ ಸುತ್ತ ಕುಣಿಯುವ ಅತಿಥಿಗಳ ವಿಡಿಯೊ ತೆಗೆದು ಸೋಮವಾರ ಹಾಕ್ತೀರಿ. ಅದರಲ್ಲಿ ಆಫೀಸಿಗೆ ಜ್ವರ ಅಂತ ಹೇಳಿ ಬಂದವನಿರಬಹುದು. ಮನೆಯಲ್ಲಿ ಹೇಳದೆ ಬಂದ ಜೋಡಿ ಇರಬಹುದು. ಅದು ಸರಿಯಾ ತಪ್ಪಾ ಅನ್ನೋದು ಅವರವರ ಮನೆಯ ವಿಷಯ. ನೀವು ಬಾಡಿಗೆ ಇಸ್ಕೊಂಡಿದ್ದು ರೂಮಿಗೆ. ಇನ್ನೊಂದು: ಬಂದವರ ಆಧಾರ್ ಕಾರ್ಡನ್ನು ಮ್ಯಾನೇಜರ್ ಹುಡುಗನ ಸ್ವಂತ ವಾಟ್ಸಾಪ್‌ಗೆ ಕಳಿಸಿ ಅನ್ನೋದನ್ನು ಬಿಡಿ. ಆ ಹುಡುಗ ಮೂರು ತಿಂಗಳಿಗೆ ಕೆಲಸ ಬಿಡ್ತಾನೆ. ಫೋನು ಅವನ ಜೊತೆ ಹೋಗುತ್ತೆ.

ಗ್ರಾಹಕರಲ್ಲ, ಆದರೂ ಹೇಳಬೇಕು. ಹೋದ ಕೊಯ್ಲಿನಲ್ಲಿ ಒಂದು ಕಾಫಿ ತೋಟಕ್ಕೆ ಹೋಗಿದ್ದೆ. ಹಣ್ಣು ಕೊಯ್ಯುತ್ತಿದ್ದ ಹೆಂಗಸರ ಸಾಲಿನ ಮುಂದೆ ಒಬ್ಬ ಟ್ರೈಪಾಡ್ ಇಟ್ಟುಕೊಂಡಿದ್ದ. "ಅಕ್ಕಾ, ಸ್ವಲ್ಪ ನಗಿ, ಇನ್ನೊಂದ್ಸಲ ಬುಟ್ಟಿಗೆ ಹಾಕಿ" ಅಂತಿದ್ದ. ಸೊಂಟಕ್ಕೆ ಗೋಣಿಚೀಲ, ತಲೆಗೆ ಹಳೇ ಟವೆಲ್, ಕೈ ತುಂಬ ಅಂಟು. ಒಬ್ಬಾಕೆ ಗಿಡದ ಹಿಂದೆ ಸರಿದು ನಿಂತಳು. ಅವಳು ಅಸ್ಸಾಂ ಕಡೆಯವಳು, ಭಾಷೆ ಬರೋದಿಲ್ಲ. ಬೇಡ ಅನ್ನೋದನ್ನು ಹಾಗೆ ಹೇಳಿದಳು. ಅವನು ಟ್ರೈಪಾಡನ್ನೇ ಆ ಕಡೆ ತಿರುಗಿಸಿದ.

ಹಾಗಾದ್ರೆ ಪ್ರಚಾರ ಹೇಗೆ ಮಾಡೋದು ಅಂತ ಮುಂದಿನ ಸಾಲಿನಲ್ಲಿ ಕೂತ ಬೇಕರಿಯವರು ಕೇಳಿದರು. ನ್ಯಾಯವಾದ ಪ್ರಶ್ನೆ. ರೀಲಿನಿಂದ ವ್ಯಾಪಾರ ಆಗುತ್ತೆ, ಸುಳ್ಳಲ್ಲ. ಕೇಳಿ ತೆಗೆಯಿರಿ, ಅಷ್ಟೇ. ತೆಗೆದ ಮೇಲೆ ತೋರಿಸಿ. "ಇದನ್ನ ನಮ್ಮ ಪೇಜಿಗೆ ಹಾಕ್ತೀವಿ, ಆಗ್ಬಹುದಾ?" ಅನ್ನಿ. ಹೂಂ ಅಂದರೆ ಒಂದು ಮೆಸೇಜಿನಲ್ಲಿ ಬರೆಸಿಕೊಳ್ಳಿ, ನಾಳೆ ನಿಮಗೇ ಕಾಪು. ಊಹೂಂ ಅಂದರೆ ಬರೀ ಕೈಯ ವಿಡಿಯೊ ತೆಗೆಯಿರಿ, ಕೇಕಿನದು ತೆಗೆಯಿರಿ, ಒಲೆಯಿಂದ ಬರುವ ಬನ್ನಿನ ಹಬೆಯದು ತೆಗೆಯಿರಿ. ಹತ್ತರಲ್ಲಿ ಏಳು ಜನ ಖುಷಿಯಿಂದ ಹೂಂ ಅಂತಾರೆ ಅಂತ ಆ ಬೇಕರಿಯವರೇ ಹೇಳಿದರು. ಉಳಿದ ಮೂರು ಜನರ ಬಗ್ಗೆಯೇ ನಾನು ಇಷ್ಟು ಹೊತ್ತು ಮಾತಾಡಿದ್ದು.

ಈಗ ನಿಮ್ಮ ವಿಡಿಯೊ ಹೀಗೆ ಬಂದರೆ ಏನು ಮಾಡೋದು? ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ, ದಿನಾಂಕ ಕಾಣಬೇಕು. ಲಿಂಕ್ ಉಳಿಸಿಕೊಳ್ಳಿ. ಸಿಟ್ಟಿನಲ್ಲಿ ಕೆಳಗೆ ಹೋಗಿ ಕಾಮೆಂಟ್ ಹಾಕಬೇಡಿ, ಹಾಕಿದಷ್ಟೂ ಅದು ಇನ್ನಷ್ಟು ಜನರಿಗೆ ಹೋಗುತ್ತೆ. ಅಂಗಡಿಗೆ ಬರಹದಲ್ಲಿ ಕಳಿಸಿ, ವಾಟ್ಸಾಪ್ ಆದರೂ ಸರಿ. ನಾನು ಬರೆದದ್ದು ಇಷ್ಟೇ: "ಇಂಥ ದಿನ ನಿಮ್ಮ ಅಂಗಡಿಯಲ್ಲಿ ನಮ್ಮ ತಾಯಿಯ ವಿಡಿಯೊ ಅವರನ್ನು ಕೇಳದೆ ತೆಗೆದು ಪ್ರಚಾರಕ್ಕೆ ಬಳಸಿದ್ದೀರಿ. ಅದಕ್ಕೆ ಅವರ ಒಪ್ಪಿಗೆ ಇಲ್ಲ. ಎಲ್ಲ ಕಡೆಯಿಂದ ತೆಗೆದು, ತೆಗೆದಿದ್ದೇವೆ ಎಂದು ಬರೆದು ತಿಳಿಸಿ." ಮಾಲೀಕರು ಅವತ್ತು ಸಂಜೆಯೇ ತೆಗೆದರು. ಅಷ್ಟರಲ್ಲಿ ಇನ್ನೆರಡು ಟ್ರೋಲ್ ಪೇಜಿನವರು ಅದನ್ನು ಎತ್ತಿಕೊಂಡಿದ್ದರು. ಅವುಗಳ ಬಗ್ಗೆ ಇನ್‌ಸ್ಟಾಗ್ರಾಮಿಗೇ ದೂರು ಕೊಟ್ಟೆ. ಇಂಥ ಕಂಪನಿಗಳು ಕುಂದುಕೊರತೆ ಅಧಿಕಾರಿಯನ್ನು ಇಟ್ಟುಕೊಳ್ಳಲೇಬೇಕು ಅಂತ 2021ರ ನಿಯಮ ಇದೆ. ಒಂದು ಹೋಯಿತು. ಒಂದು ಇನ್ನೂ ಇದೆ.

ಪರಿಹಾರ ಬೇಕು ಅಂದ್ರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಒಂದು ಸಾಲಿದೆ: ಗ್ರಾಹಕರು ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡೋದು ಅನುಚಿತ ವ್ಯಾಪಾರ ಪದ್ಧತಿ. ಚೌಕಾಸಿ ಮಾಡುವಾಗ ಅಂಗಡಿಯವರ ಮುಂದೆ ಆಡಿದ ಮಾತು ನಂಬಿ ಕೊಟ್ಟ ಮಾಹಿತಿ ಹೌದಾ? ಹೌದು ಅಂತ ನನ್ನ ವಾದ. ಎದುರಿನ ವಕೀಲರು ಅಲ್ಲ ಅಂತಾರೆ. ವಾದಕ್ಕೆ ಜಾಗ ಇದೆ ಅನ್ನೋದೇ ಸದ್ಯಕ್ಕೆ ದೊಡ್ಡದು. ಕೊಂಡ ಸಾಮಾನಿನ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. 1,450 ರೂಪಾಯಿಯ ಸೀರೆಗೆ ಏನೂ ಕಟ್ಟಬೇಕಿಲ್ಲ. ನೀವು ಇರುವ ಊರಿನಲ್ಲೇ ದೂರು ಹಾಕಬಹುದು, ಎರಡು ವರ್ಷದ ಒಳಗೆ. ಹಾಗಾಗಿ ಬಿಲ್ ಎಸೆಯಬೇಡಿ. ಮೊದಲು ಫೋನಿನಲ್ಲಿ ಕೇಳಿ ನೋಡಬೇಕು ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಮೈ ಕಾಣುವ ವಿಡಿಯೊ ಆದರೆ ಇದ್ಯಾವುದೂ ಅಲ್ಲ, ನೇರ ಪೊಲೀಸ್ ಠಾಣೆಗೆ ಹೋಗಿ. ಅಂಗಡಿಯ ಕ್ಯಾಮೆರಾದ ಚಿತ್ರ ಬೇಗ ಅಳಿದುಹೋಗಬಹುದು, ತಡ ಮಾಡಬೇಡಿ.

ಅಮ್ಮ ಕೇಸ್ ಬೇಡ ಅಂದರು. "ಕೋರ್ಟಲ್ಲಿ ಮತ್ತೆ ಆ ವಿಡಿಯೊ ಹಾಕಿ ತೋರಿಸ್ತಾರಲ್ವಾ?" ಅಂತ ಕೇಳಿದರು. ತೋರಿಸ್ತಾರೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೊನೆಯ ಪ್ರಶ್ನೆ ಬಾಗಿಲ ಹತ್ತಿರ ನಿಂತಿದ್ದವರಿಂದ ಬಂತು. ಹೋಟೆಲಿನಲ್ಲಿ ಸಪ್ಲೈ ಮಾಡುವವರು. "ಮೇಡಂ, ನೀವು ಹೇಳಿದ್ದೆಲ್ಲ ಗಿರಾಕಿಗಳ ಕತೆ. ಗಿರಾಕಿಗಳೇ ನಮ್ಮ ವಿಡಿಯೊ ಮಾಡ್ತಾರೆ. ಟೇಬಲ್ ಒರೆಸೋವಾಗ, ತಟ್ಟೆ ಎತ್ತೋವಾಗ. ಬೇಡ ಅಂದ್ರೆ ರಿವ್ಯೂನಲ್ಲಿ ಒಂದು ಸ್ಟಾರ್ ಕೊಡ್ತಾರೆ. ನಾವೇನು ಮಾಡೋದು?"

ನಾನು ತಯಾರಿ ಮಾಡಿಕೊಂಡು ಬಂದ ಹಾಳೆಯಲ್ಲಿ ಇದು ಇರಲಿಲ್ಲ. ಹೊಸ ದತ್ತಾಂಶ ಕಾಯ್ದೆ, ಮನೆಮಟ್ಟಿಗೆ ಅಂತ ವಿಡಿಯೊ ಮಾಡಿಕೊಳ್ಳುವವರನ್ನು ಮುಟ್ಟೋದಿಲ್ಲ. ಆದರೆ ಊಟದ ವಿಡಿಯೊ ಹಾಕಿ ದುಡ್ಡು ಮಾಡುವವರು ಮನೆಮಟ್ಟಿಗೆ ಅನ್ನೋಕಾಗಲ್ಲ ಅಂತ ಹೇಳಿದೆ. ಹೇಳುತ್ತಲೇ ಅವರ ಮುಖ ನೋಡಿದೆ. ಟೇಬಲ್ ಮುಂದೆ ನಿಂತಾಗ ಈ ಸೆಕ್ಷನ್ ಅವರ ಕೈಗೆ ಸಿಗೋದಿಲ್ಲ. ಬೇಡ ಅನ್ನಬೇಕಾದವರು ಮಾಲೀಕರು. ಅವರು ಮೂರನೇ ಸಾಲಿನಲ್ಲೇ ಕೂತಿದ್ದರು. ಎಲ್ಲರೂ ತಿರುಗಿ ನೋಡಿದರು. ಒಂದು ಕ್ಷಣ ಬಿಟ್ಟು, "ಬೋರ್ಡ್ ಹಾಕಿಸ್ತೀನಿ, ಏನು ಬರೆಸಲಿ ಹೇಳಿ" ಅಂದರು. ಕಾಫಿ ಬರುವಷ್ಟರಲ್ಲಿ ಎಲ್ಲರೂ ಸೇರಿ ಬರೆದೆವು: "ದೋಸೆಯ ಫೋಟೊ ಧಾರಾಳವಾಗಿ ತೆಗೆಯಿರಿ. ತಂದುಕೊಟ್ಟವರನ್ನು ಕೇಳಿ ತೆಗೆಯಿರಿ."